ಆಲ್ಬೇನಿಯಾ ಮೇಷ್ಟ್ರು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಕೂತು ‘ಈ ಸಲ ರಜಕ್ಕೆ ಊಟಿಗೆ ಹೋಗನ ಅಂತಿದ್ದೀವಿ’ ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಮುಗಿಯಿತು. ಮೂಲೆ ಬೆಂಚಿನಲ್ಲಿ ಪೇಪರು ಮಡಚಿಕೊಳ್ಳುತ್ತದೆ. ಕನ್ನಡಕ ಹಣೆಗೆ ಏರುತ್ತದೆ. ‘ಊಟಿಗೆ ಎಷ್ಟಾಯ್ತದೆ?’ ನೀವು ಎಷ್ಟೇ ಹೇಳಿ, ಬರುವ ಮಾತು ಒಂದೇ: ‘ಅದರ ಮೇಲೆ ಇನ್ನೊಂಚೂರು ಹಾಕುದ್ರೆ ಆಲ್ಬೇನಿಯಾ!’

ಆ ಇನ್ನೊಂಚೂರು ಎಂದರೆ ವಿಮಾನದ ಟಿಕೆಟ್ಟು. ಅದನ್ನು ಮೇಷ್ಟ್ರು ಖರ್ಚಿಗೆ ಸೇರಿಸುವುದಿಲ್ಲ. ಹೋಗುವುದು ಬೇರೆ, ಹೋದ ಮೇಲೆ ಇರುವುದು ಬೇರೆ ಎಂಬುದು ಅವರ ಸಿದ್ಧಾಂತ. ಮದುವೆಯ ಖರ್ಚಿಗೂ ಸಂಸಾರದ ಖರ್ಚಿಗೂ ಸಂಬಂಧವಿಲ್ಲ ಅನ್ನುವಂತೆ.

ಇವರು ಭೂಗೋಳದ ಮೇಷ್ಟ್ರು. ಹುಟ್ಟಿದ್ದು ಹನೂರು, ಪಾಠ ಹೇಳಿದ್ದು ಯಳಂದೂರು, ಪೆನ್ಷನ್ ಎಣಿಸುತ್ತಿರುವುದು ಕೊಳ್ಳೇಗಾಲ. ಇಂಥವರು ಎಲ್ಲ ಊರಲ್ಲೂ ಒಬ್ಬೊಬ್ಬರು ಇರುತ್ತಾರೆ. ಯಳಂದೂರಿನಲ್ಲಿ ಇವರ ಹಳೆಯ ಶಿಷ್ಯನೊಬ್ಬ ಜಾರ್ಜಿಯಾ ಶಾಖೆ ತೆರೆದಿದ್ದಾನೆ ಎಂದು ಕೇಳಿದ್ದೇನೆ. ಈ ಜಾತಿಯ ಗುರುತು ಸುಲಭ. ಕಪಾಟಿನಲ್ಲಿ ಪಾಸ್‌ಪೋರ್ಟ್ ಇರುತ್ತದೆ, ಅದರೊಳಗೆ ಒಂದು ಮುದ್ರೆಯೂ ಇರುವುದಿಲ್ಲ.

ಆಲ್ಬೇನಿಯಾದ ಮೇಲೆ ಮೇಷ್ಟ್ರಿಗೆ ಮೊದಲು ಮನಸ್ಸಾದದ್ದು ಅದರ ದುಡ್ಡಿನಿಂದ. ಹೆಸರು ಲೆಕ್. ಹೆಚ್ಚೂಕಡಿಮೆ ನಮ್ಮ ಒಂದು ರೂಪಾಯಿಗೆ ಅವರದೊಂದು ಲೆಕ್. ‘ಗುಣಿಸಂಗಿಲ್ಲ, ಭಾಗಿಸಂಗಿಲ್ಲ. ಲೆಕ್ಕದಲ್ಲಿ ಕೊನೇ ಅಕ್ಷರ ಬುಟ್ಟು ದುಡ್ಡಿಗೆ ಹೆಸರಿಟ್ಟವರೆ ಕನಪ್ಪ!’ ಜನಸಂಖ್ಯೆ ಸುಮಾರು 24 ಲಕ್ಷ. ನಮ್ಮ ಜಿಲ್ಲೆಯಂಥವು ಎರಡು, ಮೇಲೆ ಒಂದಿಷ್ಟು ಚಿಲ್ಲರೆ. ಇಂಥ ದೇಶವನ್ನು ಒಬ್ಬ ನಿವೃತ್ತ ಮೇಷ್ಟ್ರು ಪೂರ್ತಿ ಬಾಯಿಪಾಠ ಮಾಡಬಹುದು. ಮಾಡಿದ್ದಾರೆ.

‘ಪಕ್ಕದಲ್ಲೇ ಗ್ರೀಸ್ ಅದಲ್ಲ ಮೇಷ್ಟ್ರೇ, ಎಲ್ರೂ ಅಲ್ಲಿಗೇ ಹೋಯ್ತರೆ’ ಎಂದು ಅಂಗಡಿಯವನು ಒಮ್ಮೆ ಕೆಣಕಿದ. ಅವತ್ತು ಮೇಷ್ಟ್ರು ಹೇಳಿದ ಪಾಠವನ್ನು ನಾನು ಮರೆತಿಲ್ಲ. ಬೆಂಚಿನ ಮೇಲೆ ಟೀ ಚೆಲ್ಲಿತ್ತು. ಅದಕ್ಕೇ ಬೆರಳು ಅದ್ದಿ ಕಡಲು ಬರೆದರು. ‘ಇದು ಗ್ರೀಸಿನ ಕೊರ್ಫು ದ್ವೀಪ. ಇದು ಆಲ್ಬೇನಿಯಾದ ಸರಾಂಡ. ಈ ದಡದಲ್ಲಿ ನಿಂತರೆ ಆ ದ್ವೀಪ ಕಣ್ಣಿಗೇ ಕಾಣ್ತದೆ. ನಡುವೆ ಇರೋದು ಒಂದೇ ನೀರು. ಈಗ ಹೇಳು, ಕಾವೇರಿ ಮಳವಳ್ಳಿ ಕಡೆ ಬಿದ್ರೆ ಗಗನಚುಕ್ಕಿ, ನಮ್ಮ ಕಡೆ ಬಿದ್ರೆ ಭರಚುಕ್ಕಿ. ನೀರೇನು ಬೇರೇನಾ? ಹೊಗೇನಕಲ್ಲಿಗೆ ತಮಿಳುನಾಡಿನ ಕಡೆಯಿಂದ ಹೋದ್ರೆ ಜಾತ್ರೆ. ಮಾದಪ್ಪನ ಬೆಟ್ಟ ಇಳಿದು, ಪಾಲಾರ್ ದಾಟಿ, ಗೋಪಿನಾಥಂ ಮೇಲೆ ಹೋದ್ರೆ ಅದೇ ಹೊಳೆ, ಅದೇ ಹರಿಗೋಲು, ಕಾಲಿಡಕ್ಕೆ ಜಾಗ. ಆಲ್ಬೇನಿಯಾ ಅಂದ್ರೆ ಗೋಪಿನಾಥಂ ರೂಟು ಅಂತ ತಿಳ್ಕೋ!’

ವೀರಪ್ಪನ್ ಹುಟ್ಟಿದೂರಿಗೆ ಯುರೋಪಿನಲ್ಲಿ ಇಂಥ ಸ್ಥಾನ ಸಿಕ್ಕಿದ್ದನ್ನು ನಾನು ಅಲ್ಲೇ ಮೊದಲು ಕಂಡದ್ದು.

ಆ ದೇಶದಲ್ಲಿ ಕರೆಂಟೆಲ್ಲ ಹೆಚ್ಚುಕಮ್ಮಿ ನೀರಿನಿಂದಲೇ ಬರುತ್ತದೆ. ಅದನ್ನು ಹೇಳುವಾಗ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ಹೆಮ್ಮೆಯೂ ಸೇರುತ್ತದೆ. ‘ಪವರ್ ಹೌಸ್ ಮಳವಳ್ಳಿ ಕಡೇದು ಮೇಷ್ಟ್ರೇ’ ಎಂದು ಯಾರಾದರೂ ಅಂದರೆ ಕೇಳಿಸುವುದಿಲ್ಲ. ಇನ್ನು ಆಲ್ಬೇನಿಯಾವನ್ನು ಆಳಿದ ಎನ್ವರ್ ಹೋಜಾ ಎಂಬ ಸರ್ವಾಧಿಕಾರಿ ಯಾರೋ ದಂಡೆತ್ತಿ ಬರುತ್ತಾರೆಂದು ಹೆದರಿ ದೇಶದ ತುಂಬ ಲಕ್ಷಕ್ಕೂ ಮೀರಿ ಕಾಂಕ್ರೀಟಿನ ಬಂಕರ್ ಕಟ್ಟಿಸಿದ್ದ. 1985ರಲ್ಲಿ ಅವನು ಸತ್ತ, ವೈರಿ ಮಾತ್ರ ಬರಲೇ ಇಲ್ಲ. ಬೆಂಚಿನ ಆ ತುದಿಯಲ್ಲಿದ್ದ ಹನೂರಿನ ರೈತರೊಬ್ಬರು ಇದನ್ನು ಕೇಳಿ ಬೀಡಿ ಆರಿಸಿದರು. ‘ನಾನು ಜ್ವಾಳದ ಹೊಲಕ್ಕೆ ಒಂದೇ ಅಟ್ಟಣೆ ಕಟ್ಟಿರದು ಸಾ. ಆನೆ ದಿನಾ ಬತ್ತದೆ.’

ಇಷ್ಟೆಲ್ಲ ಬಲ್ಲ ಮೇಷ್ಟ್ರು ಯಾಕೆ ಹೋಗಲಿಲ್ಲ? ಕೇಳಿದರೆ ತಮ್ಮ ಪ್ರವಾಸದ ಇತಿಹಾಸ ಬಿಚ್ಚುತ್ತಾರೆ. ಅವರು ಹುಟ್ಟಿದಾಗ ಹನೂರು ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಆ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೇಷ್ಟ್ರು ತೊಟ್ಟಿಲಲ್ಲಿ ಮಲಗಿದ್ದಂತೆಯೇ ಮೈಸೂರು ರಾಜ್ಯಕ್ಕೆ ಬಂದರು. 1973ರಲ್ಲಿ ಕರ್ನಾಟಕಕ್ಕೆ, 1997ರಲ್ಲಿ ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಜಿಲ್ಲೆಗೆ. ಆಮೇಲೆ ಹನೂರೇ ತಾಲ್ಲೂಕಾಯಿತು. ಅಪ್ಪನ ಮನೆ ಮಾತ್ರ ಕದಲಿಲ್ಲ. ‘ಕೂತ ಕಡೆಗೇ ರಾಜ್ಯಗಳು ಬಂದು ಹೋದೋ. ನಾನು ಯಾಕೆ ಅವಸರ ಮಾಡ್ಲಿ?’

ಒಂದು ಸಲ ಮಾತ್ರ ಹೆಂಡತಿಯನ್ನು ವಿದೇಶಕ್ಕೆ ಕರೆದೊಯ್ದದ್ದುಂಟು. ಹನೂರಿನ ಆಚೆಯ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ. ಗೊಂಪ ನೋಡಿ, ಬಣ್ಣಬಣ್ಣದ ಬಾವುಟ ನೋಡಿ, ಮೊಮೊ ತರಿಸಿದರು. ಹೆಂಡತಿ ಒಂದನ್ನು ಮುರಿದು ನೋಡಿ, ‘ಕಡುಬು ತಿನ್ನಕ್ಕೆ ಇಷ್ಟು ದೂರ ಬರಬೇಕಿತ್ತಾ?’ ಅಂದರಂತೆ.

ಮೊನ್ನೆ ಎದುರು ಮನೆಯ ಹುಡುಗ ಜರ್ಮನಿಯಿಂದ ರಜಕ್ಕೆ ಬಂದ. ರೇಷ್ಮೆ ಸೀರೆ ವ್ಯಾಪಾರದವರ ಮಗ. ಮೇಷ್ಟ್ರ ಮಾತು ಕೇಳಿಯೇ ಬೆಳೆದವನು, ಆಗಸ್ಟಿನಲ್ಲಿ ನಿಜವಾಗಿಯೂ ನಾಲ್ಕು ದಿನ ಆಲ್ಬೇನಿಯಾಕ್ಕೆ ಹೋಗಿಬಂದಿದ್ದ. ಟೀ ಅಂಗಡಿ ತುಂಬಿತು. ಬಿಸಿಲು ತಡೆಯಕ್ಕಾಗಲಿಲ್ಲ ಎಂದ.

‘ಆಗಸ್ಟಲ್ಲಿ ಯಾರು ಹೋಯ್ತರೆ? ಸೆಪ್ಟೆಂಬರು ಹೋಗ್ಬೇಕಿತ್ತು.’

ಬೀಚಿನಲ್ಲಿ ಕಾಲಿಡಕ್ಕೆ ಜಾಗ ಇರಲಿಲ್ಲ ಎಂದ.

‘ಕಡಲ ಕಡೆ ಯಾಕೆ ಹೋದೆ? ಬೆರಾಟಿಗೆ ಹೋಗ್ಬೇಕಿತ್ತು. ಸಾವಿರ ಕಿಟಕಿಯ ಊರು. ಎಣಿಸ್ದಾ?’

ಎಣಿಸಿರಲಿಲ್ಲ. ಹುಡುಗ ಸುಮ್ಮನಾದ. ಕೊನೆಗೆ ಧೈರ್ಯ ಮಾಡಿ, ಅಲ್ಲೊಬ್ಬ ಅಂಗಡಿಯ ಮುದುಕಪ್ಪನನ್ನು ನೀರಿನ ಬಾಟಲಿ ಕೇಳಿದೆ, ಅವನು ತಲೆ ಮೇಲೆ ಕೆಳಗೆ ಆಡಿಸಿದ, ಕಾದು ಕಾದು ಸಾಕಾಯಿತು, ಕೊಡಲೇ ಇಲ್ಲ ಎಂದ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಪಾಠ ಓದದೆ ಪರೀಕ್ಷೆಗೆ ಬಂದ ಹುಡುಗನನ್ನು ಕಂಡ ಸಂಕಟ ಅದು. ‘ಅಲ್ಲಿ ಹಿಂದಿನ ಕಾಲದವರು ತಲೆ ಮೇಲೆ ಕೆಳಗೆ ಆಡಿಸಿದ್ರೆ ಇಲ್ಲ ಅಂತ. ಅಡ್ಡಡ್ಡ ಆಡಿಸಿದ್ರೆ ಹೂಂ ಅಂತ. ನೀನು ಆ ದೇಶನ ಸರಿಯಾಗಿ ನೋಡೇ ಇಲ್ಲ ಕನಪ್ಪ.’

ಹುಡುಗ ತಪ್ಪಾಯಿತು ಎನ್ನುವಂತೆ, ಅಲ್ಲಿಂದ ತಂದಿದ್ದ ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಯೊಂದನ್ನು ಗುರುಗಳಿಗೆ ಕೊಟ್ಟ. ಕೆಂಪು ನೆಲದ ಮೇಲೆ ಎರಡು ತಲೆಯ ಕಪ್ಪು ಹದ್ದು. ‘ನಮ್ಮ ಗಂಡಭೇರುಂಡ’ ಎಂದು ಮೇಷ್ಟ್ರು ಅದನ್ನು ಅಂಗಿಜೇಬಿಗೆ ಇಳಿಬಿಟ್ಟರು.

ಸಂಜೆ ನಾನು ಅವರ ಮನೆಯಲ್ಲಿದ್ದೆ. ಅವರ ಹೆಂಡತಿ ಫ್ರಿಜ್ಜಿನ ಮೇಲಿನ ಹದ್ದನ್ನು ಒಂದು ಗಳಿಗೆ ನೋಡಿದರು. ‘ಅಲ್ಲಿಗಂತೂ ಆಗಲಿಲ್ಲ. ಈ ಅಮಾಸೆಗೆ ಮಾದಪ್ಪನ ಬೆಟ್ಟಕ್ಕಾದ್ರೂ ಕರ್ಕಂಡು ಹೋದೀರಾ?’

ಮೇಷ್ಟ್ರು ಪೇಪರಿನಿಂದ ಕಣ್ಣೆತ್ತದೆ, ನಿಧಾನವಾಗಿ, ಮೇಲೆ ಕೆಳಗೆ ತಲೆಯಾಡಿಸಿದರು. ಹೆಂಡತಿ ಖುಷಿಯಿಂದ ಒಳಗೆ ಹೋಗಿ ಬ್ಯಾಗು ಹುಡುಕತೊಡಗಿದರು.