ಟರ್ಬೊ ಸಾವ್ಕಾರ

ಸಿರಸಂಗಿಯ ಚಹಾದಂಗಡಿಯಲ್ಲಿ ಮಳೆ, ಕಡಲಿ ದರ, ಯಲ್ಲಮ್ಮನ ಗುಡ್ಡದ ಗದ್ದಲ ಎಲ್ಲ ಮಾತಾಡಿ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಟರ್ಬೊ ಸಾವ್ಕಾರನ ಇಂಟರ್‌ಕೂಲರ್ ಬಂತೇನು?

ಇಂಥವನೊಬ್ಬ ಸವದತ್ತಿಯಲ್ಲೂ ಇದ್ದಾನೆ, ರಾಮದುರ್ಗದಲ್ಲೂ ಇದ್ದಾನೆ. ಡಿಪ್ಲೊಮಾದಲ್ಲಿ ಒಂದು ಸಬ್ಜೆಕ್ಟ್ ಬಾಕಿ, ಅಪ್ಪನ ಹೆಸರಲ್ಲಿ ಹೊಲ, ತನ್ನ ಹೆಸರಲ್ಲಿ ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೊ. ಆಸ್ತಿಯನ್ನೆಲ್ಲ ಶಿಕ್ಷಣಕ್ಕೆ ಬಿಟ್ಟುಕೊಟ್ಟ ಲಿಂಗರಾಜ ದೇಸಾಯಿಯವರ ಊರು ನಮ್ಮದು. ಸಾವ್ಕಾರನೂ ಅಪ್ಪನ ರೊಕ್ಕವನ್ನು ಶಿಕ್ಷಣಕ್ಕೇ ಸುರಿಯುತ್ತಿದ್ದಾನೆ. ತನ್ನ ಶಿಕ್ಷಣಕ್ಕೆ, ಮೊಬೈಲ್ ರೀಚಾರ್ಜಿನ ಮೂಲಕ.

ಗಾಡಿಯಲ್ಲಿ ಇಂಟರ್‌ಕೂಲರ್ ಇಲ್ಲವೆಂದಲ್ಲ. ಬಾನೆಟ್ ಮೇಲೆ ಬಾಯಿ ತೆರೆದು ಕೂತ ಸ್ಕೂಪ್ ಇರುವುದೇ ಅದಕ್ಕೆ ಗಾಳಿ ಕುಡಿಸಲು. ಆದರೆ ಅದು ಕಂಪನಿಯವರು ಕೊಟ್ಟದ್ದು. ಕೊಟ್ಟದ್ದು ಸಾಕೆನ್ನುವವನು ಬರೀ ಗಿರಾಕಿ, ಸಾಲದೆನ್ನುವವನೇ ಎಂಜಿನಿಯರ್. 2.2 ಲೀಟರ್ ಡೀಸೆಲ್ ಎಂಜಿನ್, 120 ಕುದುರೆಗಳ ಶಕ್ತಿ. ಇವನಿಗೆ 200 ಬೇಕು. ಮನೆಯಲ್ಲಿ ಒಂದು ಜೋಡಿ ಎತ್ತಿಗೇ ಮೇವಿಲ್ಲ ಎಂದು ಅಪ್ಪ ಗೊಣಗುತ್ತಾನೆ.

ಪಾಠ ಮಾತ್ರ ತಪ್ಪಿಲ್ಲ, ಅದೇ ತೊಂದರೆ. “ಸೈಕಲ್ಲಿಗೆ ಪಂಪ್ ಹೊಡಿಯೋ ಮುಂದ ಪಂಪ್ ಸುಡತೈತಿಲ್ಲೋ? ಟರ್ಬೊನೂ ಹಂಗ. ಒಂದ್ ಬಾರ್ ಬೂಸ್ಟ್ ಏರಿದರ ಗಾಳಿ ನೂರು ಡಿಗ್ರಿ ದಾಟತೈತಿ. ಕಾದ ಗಾಳಿ ಹಿಗ್ಗತೈತಿ, ಆಕ್ಸಿಜನ್ ತೆಳ್ಳಗ ಆಕ್ಕೈತಿ. ಇಂಟರ್‌ಕೂಲರ್‌ನಾಗ ತಣ್ಣಗ ಮಾಡೇ ಒಳಗ ಬಿಡಬೇಕು.” ಟರ್ಬೊಗೆ 1905ರಲ್ಲಿ ಪೇಟೆಂಟ್ ಪಡೆದ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇವನ ಬಾಯಲ್ಲಿ ‘ನಮ್ಮ ಬ್ಯೂಖಿ’ ಆಗಿದ್ದಾನೆ. ಊರ ಹುಡುಗರು ಆತ ಬೈಲಹೊಂಗಲದ ಕಡೆಯವನೆಂದೇ ತಿಳಿದಿದ್ದಾರೆ.

ಇಂಟರ್‌ಕೂಲರಿನ ಆಯ್ಕೆ ಹಬ್ಬಕ್ಕೊಮ್ಮೆ ಬದಲಾಗುತ್ತದೆ. ದಸರೆಗೆ ಟ್ಯೂಬ್-ಫಿನ್: ಹಗುರ, ಅಗ್ಗ, ಗಾಳಿ ಸರಾಗ. ಅಷ್ಟರಲ್ಲಿ ಕಬ್ಬಿನ ಸುಗ್ಗಿ ಬಂತು. ಟ್ರೇಲರ್ ಹಿಂದೆ ಹಾರುವ ಕಲ್ಲಿಗೆ ಅದು ತಡೆಯುವುದಿಲ್ಲವೆಂದು ಸಂಕ್ರಾಂತಿಗೆ ಬಾರ್-ಪ್ಲೇಟ್: ಗಟ್ಟಿ, ಬಿಸಿ ನುಂಗುತ್ತದೆ, ಆದರೆ ಭಾರ. ಯುಗಾದಿಗೆ, ಕಾಳಮ್ಮನ ಜಾತ್ರೆಯ ಹೊತ್ತಿಗೆ, ನೀರಿನಿಂದ ತಂಪಾಗುವುದೇ ಸೈ. ಅದಕ್ಕೆ ಬೇರೆ ಪಂಪು, ಬೇರೆ ರೇಡಿಯೇಟರ್. “ಇದರ ರೊಕ್ಕದಾಗ ಹೊಲಕ್ಕ ಪೈಪ್‌ಲೈನ್ ಬರತೈತಿ” ಎಂದ ಅಪ್ಪ. ಅಲ್ಲಿಗೆ ಮತ್ತೆ ಗಾಳಿಗೇ ಬಂದ. ವಾಹನದ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಎಂದರೆ, “ಅದು ಹೊರಗಿಂದು, ಇದು ಒಳಗಿಂದು” ಎಂಬ ವಾದ.

ಕಬ್ಬಿಣ ಬಡಿಯುವ, ಚಿನ್ನ ಕಾಯಿಸುವ ವಿಶ್ವಕರ್ಮರು ದೂರದೂರಿಂದ ಬಂದು ನಡೆದುಕೊಳ್ಳುವ ಕಾಳಮ್ಮ ದೇವಿಯ ಊರಿದು. ಲೋಹದ ವಿಷಯಕ್ಕೆ ಇಲ್ಲಿ ಸುಳ್ಳು ಬಹಳ ದಿನ ಬಾಳುವುದಿಲ್ಲ. ಗೊಬ್ಬರದಂಗಡಿಯ ರಟ್ಟನ್ನು ಇಂಟರ್‌ಕೂಲರ್ ಅಳತೆಗೆ ಕತ್ತರಿಸಿ ಬಂಪರ್ ಮುಂದೆ ಹಿಡಿದು ಸಾವ್ಕಾರ ಮಿಸ್ತ್ರಿಯನ್ನು ಕರೆದ. ಮಿಸ್ತ್ರಿ ಬೀಡಿ ಆರಿಸಿ ನೋಡಿದ.

“ಇಷ್ಟ್ ದೊಡ್ಡದು ಅಡ್ಡ ನಿಂತರ ರೇಡಿಯೇಟರಿಗೆ ಗಾಳಿ ಯಾರ್ ಕೊಡತಾರ? ಏಸಿ ಕಂಡೆನ್ಸರ್ ಗತಿ ಏನು? ಇಷ್ಟ್ ದೊಡ್ಡ ಹೊಟ್ಟಿ ತುಂಬಿ ಎಂಜಿನ್‌ಗೆ ಒತ್ತಡ ಹತ್ತೂದ್ರಾಗ ಕಬ್ಬಿನ ಟ್ರ್ಯಾಕ್ಟರ್ ನಿನ್ನ ಓವರ್‌ಟೇಕ್ ಮಾಡತೈತಿ. ಹೊರಗ ನಲ್ವತ್ತು ಡಿಗ್ರಿ ಇದ್ದಾಗ ಗಾಳಿ ಗಾಳಿಯಿಂದ ಮೂವತ್ತಕ್ಕ ಇಳಿಯೂದಿಲ್ಲ, ಬಾಗಲದಷ್ಟು ಕೂಲರ್ ಹಾಕು.”

ಅಷ್ಟು ಹೇಳಿ ಬಾನೆಟ್ ಎತ್ತಿದ. ಟರ್ಬೊ ಹೋಸಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಕಲೆ. ಕ್ಲ್ಯಾಂಪಿನ ತಿರುಪು ಎರಡು ಸುತ್ತು ಬಿಗಿದ. ತಿಂಗಳುಗಟ್ಟಲೆ ಕೇಳುತ್ತಿದ್ದ ಸುಯ್ ಸದ್ದು ನಿಂತಿತು. ಸೋರುತ್ತಿದ್ದ ಬೂಸ್ಟ್ ಎಂಜಿನ್ನಿಗೆ ಹೋಗತೊಡಗಿತು. ಮಿಸ್ತ್ರಿ ಕೇಳಿದ್ದು ಒಂದು ಕಪ್ ಚಹಾ.

ಸಾವ್ಕಾರನಿಗೆ ಬೇಸರವಾಗಿದ್ದು ಇಷ್ಟು ಅಗ್ಗಕ್ಕೆ ರಿಪೇರಿಯಾದದ್ದಕ್ಕೆ. ಆದರೆ ಸಂಜೆಗೆ ಚೇತರಿಸಿಕೊಂಡ. “ಸ್ಟೇಜ್ ಒನ್ ಮುಗೀತು” ಎಂದು ಚಹಾದಂಗಡಿಯಲ್ಲಿ ಘೋಷಿಸಿದ. ಸ್ಟೇಜ್ ಟೂಗೆ ರಟ್ಟು ಇನ್ನೂ ಮನೆಯಲ್ಲೇ ಇದೆ.

ಸಿರಸಂಗಿಯಿಂದ ಅವನ ಗಾಡಿ ಏರುವವರಿಗೆ ಒಂದು ಮಾತು. ಗಾಡಿ ಚೆನ್ನಾಗಿದೆ, ಹುಡುಗ ಒಳ್ಳೆಯವನು, ಡೀಸೆಲ್ ದುಡ್ಡೂ ಕೇಳುವುದಿಲ್ಲ. ಬೂಸ್ಟ್ ಎಷ್ಟು ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಸವದತ್ತಿಯಲ್ಲಿ ಇಳಿಯಬೇಕಾದವರು ಧಾರವಾಡದಲ್ಲಿ ಇಳಿಯುತ್ತೀರಿ.