ಒಂದು ಚಾಕು, ಇಬ್ಬರು ಮಾವಂದಿರು

ಹೋದ ಬೇಸಿಗೆಯಲ್ಲಿ ನನ್ನ ಜೇಬಿನ ಚಾಕುವಿನ ಪ್ಲಾಸ್ಟಿಕ್ ಹಿಡಿಕೆ ಸಿಂಧನೂರಿನ ಬಿಸಿಲಿಗೆ ಬಿರಿದು ಎರಡು ಹೋಳಾಯಿತು. ಪೇರಲಹಣ್ಣು ಹೆಚ್ಚಲು, ಅಕ್ಕಿ ಚೀಲದ ಹೊಲಿಗೆ ಬಿಚ್ಚಲು, ಶಾಲೆಯಲ್ಲಿ ಹುಡುಗರ ಪೆನ್ಸಿಲ್ ಕೆತ್ತಲು ದಿನಕ್ಕೆ ಹತ್ತು ಸಲ ಹೊರಬರುವ ಮಡಚುವ ಚಾಕು ಅದು. “ಸಂತ್ಯಾಗ ಹೊಸಾದು ಸಿಗ್ತೈತಿ, ತೊಗೊಂಡ್ ಬರ್ರಿ” ಎಂದಳು ಹೆಂಡತಿ. ಕೇಳಿದ್ದರೆ ಒಂದು ಗಂಟೆಯ ಕೆಲಸ. ಗಟ್ಟಿ ಮರದ ಹಿಡಿಕೆಯನ್ನೇ ಹಾಕಿಸುತ್ತೇನೆಂದು ಹಟ ಹಿಡಿದೆ. ಎಂಟು ತಿಂಗಳು ಹಿಡಿಯಿತು.

ಮೊದಲು ಓಣಿಯ ಬಡಗಿಯ ಹತ್ತಿರ ಹೋದೆ. “ಸಾಗವಾನಿ ಹಾಕೂಣ್ರಿ ಮಾಸ್ತರ. ಒಳಗ ಎಣ್ಣಿ ಅಂಶ ಐತಿ, ಹುಳ ಹತ್ತಂಗಿಲ್ಲ” ಎಂದು ಬಾಗಿಲ ಚೌಕಟ್ಟಿನಿಂದ ಉಳಿದ ತುಂಡು ತೋರಿಸಿದ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬೆಳೆದು ದುಡ್ಡು ಕಂಡ ಊರು ನಮ್ಮದು. ಇಲ್ಲಿ ಹೊಸ ಮನೆ ಎಂದರೆ ಸಾಗವಾನಿ ಬಾಗಿಲು. ಆದರೆ ಉಗುರಿನಿಂದ ಒತ್ತಿದರೆ ಗೀರು ಬಿತ್ತು. ಬೀಗದ ಕೈ, ಚಿಲ್ಲರೆಯ ಜೊತೆ ಜೇಬಿನಲ್ಲಿ ಹೊರಳಾಡುವ ಚಾಕುವಿಗೆ ಇದು ಸಾಲದೆನಿಸಿತು. ಬೀಟೆ ಇದೆಯೇ ಎಂದು ಕೇಳಿದೆ. ಅವನು ಬೆಲೆ ಹೇಳಲಿಲ್ಲ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. ಬೆಲೆ ತಿಳಿಯಿತು.

ಆ ಭಾನುವಾರ ಮಸ್ಕಿಗೆ, ಸೋದರಮಾವನ ಮನೆಗೆ ಹೋದೆ. “ಹುಣಸಿ ಹಾಕ್ಸೋ ಅಳಿಯಾ. ಮಟನ್ ಅಂಗಡ್ಯಾಗ ಕತ್ತಿ ಏಟು ತಿನ್ನೂದು ಯಾವ ಕಟಗಿ? ಹುಣಸಿ! ಹೊರಗಿನ ಬಿಳೇದು ಹುಳದ ಪಾಲು, ನಡುವಿನ ಕರೀ ಚೇಗು ತೊಗೊ, ಕಲ್ಲು ಆದಂಗ ಆಗೈತಿ” ಎಂದ. ಮಸ್ಕಿಯವರಿಗೆ ಕಲ್ಲಿನ ಮೇಲೆ ನಂಬಿಕೆ ಹೆಚ್ಚು. ‘ದೇವಾನಾಂಪ್ರಿಯ’ನ ಜೊತೆ ಅಶೋಕನ ಹೆಸರೂ ಇರುವ ಶಾಸನ 1915ರಲ್ಲಿ ಮೊದಲು ಸಿಕ್ಕಿದ್ದು ಅವರ ಊರ ಬಂಡೆಯಲ್ಲಿ. ಆಯುಧ ಕೆಳಗಿಟ್ಟ ರಾಜನ ಊರಿಗೆ ಚಾಕು ಹಿಡಿದು ಬಂದಿದ್ದಕ್ಕೆ ನನಗೇ ನಾಚಿಕೆಯಾಯಿತು. ಆದರೂ ಒಂದು ಹುಣಸೆ ಕೊರಡು ಹೊತ್ತು ಬಸ್ಸು ಹತ್ತಿದೆ.

“ಹುಣಸಿ ಗಿಡದಾಗ ದೆವ್ವ ಇರ್ತೈತಿ, ಅಡಗಿಮನಿಗೆ ತರ್‍ತೀರೇನ್ರಿ? ನಮ್ಮಪ್ಪನ್ನ ಕೇಳ್ರಿ” ಎಂದಳು ಹೆಂಡತಿ. ಅವಳ ತವರು ಲಿಂಗಸುಗೂರು. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಮಾವನವರು ತೀರ್ಪು ಕೊಟ್ಟೇಬಿಟ್ಟರು: “ಜಾಲಿ! ಬಂಡಿ ಗಾಲಿಗೆ ಜಾಲಿ, ನೇಗಿಲಿಗೆ ಜಾಲಿ. ಕಲ್ಲಿನ ಮಾತು ಬ್ಯಾಡ್ರಿ. ನಮ್ಮ ಗಣಿಯೊಳಗ ಹಿಂದಿನ ಕಾಲದವರು ಬಿಟ್ಟ ಕಟಗಿ ಸಿಕ್ಕೈತಿ, ಪರೀಕ್ಷಾ ಮಾಡಿ ಸುಮಾರು 2000 ವರ್ಷದ್ದು ಅಂದಾರ.” ಅದು ಯಾವ ಮರ ಎಂದು ಕೇಳಿದೆ. ಮಾವನವರು ನೀರು ಕುಡಿಯಲು ಒಳಗೆ ಹೋದರು.

ಇಬ್ಬರೂ ನನಗೆ ಮಾವಂದಿರು, ಇಬ್ಬರಿಗೂ ನಾನು ಅಳಿಯ. “ಮಾವ ಫೋನ್ ಮಾಡಿದ್ದರು” ಎಂದರೆ ಮನೆಯಲ್ಲಿ “ಹುಣಸಿ ಮಾವನೋ, ಜಾಲಿ ಮಾವನೋ?” ಎಂದು ಕೇಳುವಂತಾಯಿತು. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ಮರಗಳಿಗಷ್ಟೇ ಅಂದುಕೊಂಡಿದ್ದೆ. ಶಾಲೆಯಲ್ಲಿ ಒಬ್ಬರು ಬನ್ನಿ ಎಂದರು. ದಸರೆಗೆ ಎಲೆ ಕಿತ್ತು ‘ಬಂಗಾರ’ ಎಂದು ಕೈಗಿಡುವ ಮರಕ್ಕೆ ಗರಗಸ ಹಚ್ಚುವವರಾರು? ಪಾಂಡವರೂ ಅದರಲ್ಲಿ ಆಯುಧ ಬಚ್ಚಿಟ್ಟರೇ ಹೊರತು ಹಿಡಿಕೆ ಮಾಡಿಸಿಕೊಳ್ಳಲಿಲ್ಲ.

ಕೊನೆಗೆ ಮಸ್ಕಿಯ ಹುಣಸೆ, ಲಿಂಗಸುಗೂರಿನಿಂದ ತಂದ ಜಾಲಿ, ಎರಡೂ ಕೊರಡು ಬಡಗಿಯ ಮುಂದಿಟ್ಟೆ. ಮೂಸಿ ನೋಡಿ, “ಎರಡೂ ಹಸಿ ಅದಾವ್ರಿ. ವರ್ಷ ನೆರಳಾಗ ಒಣಗ್ಲಿ. ಈಗ ಹಾಕಿದ್ರ ಕುಗ್ಗಿ ರಿವಿಟ್ ಸಡ್ಲ ಆಗ್ತಾವ” ಎಂದ. ಅಷ್ಟರಲ್ಲಿ ಹೆಂಡತಿ ಚಾಕುವಿಗೆ ಕರಿ ಇನ್ಸುಲೇಷನ್ ಟೇಪು ಸುತ್ತಿ ಬದನೆಕಾಯಿ ಹೆಚ್ಚತೊಡಗಿದ್ದಳು.

ದಾರಿ ತೋರಿಸಿದ್ದು ಬಡಗಿಯ ಒಲೆ. ಪಕ್ಕದ ಸೌದೆ ರಾಶಿಯಿಂದ ಒಂದು ತುಂಡೆಳೆದು ಕೀಸುಳಿ ಹಾಯಿಸಿದ. ಕೆಂಗಂದು ಬಣ್ಣ, ಉಗುರಿಗೆ ಜಪ್ಪಯ್ಯ ಎನ್ನಲಿಲ್ಲ. ಬಳ್ಳಾರಿ ಜಾಲಿ! ಅಮೆರಿಕ ಖಂಡದಿಂದ ಬಂದು ನಮ್ಮ ಕಾಲುವೆ ದಂಡೆ, ಹಾಳು ಹೊಲ ಎಲ್ಲ ಹಬ್ಬಿ ಬೈಸಿಕೊಳ್ಳುವ ಮುಳ್ಳುಗಿಡ. ಯಾವ ಮಾವನ ಪಕ್ಷಕ್ಕೂ ಸೇರದ್ದು, ವರ್ಷದಿಂದ ಒಣಗಿದ್ದು, ಪುಕ್ಕಟೆ. ಎರಡು ಹೋಳು ಕೂರಿಸಿ, ಹಿತ್ತಾಳೆ ರಿವಿಟ್ ಬಡಿದು, ಅಗಸೆ ಎಣ್ಣೆ ತಿಕ್ಕಿದ. ಶೇಂಗಾ ಎಣ್ಣೆ ಅಂಟಂಟಾಗಿಯೇ ಉಳಿಯುತ್ತದಂತೆ, ಅಗಸೆ ಒಣಗಿ ಪೊರೆ ಕಟ್ಟುತ್ತದೆ. ಫೋಟೋ ಕಳಿಸಿದೆ. ಇಬ್ಬರು ಮಾವಂದಿರಿಗೂ ಸಮನಾಗಿ ಬೇಸರವಾಯಿತು. ಮನೆಯಲ್ಲಿ ಶಾಂತಿ ನೆಲೆಸಿತು.

ಹೆಮ್ಮೆಯಿಂದ ಹೆಂಡತಿಯ ಕೈಗಿಟ್ಟೆ. ಸವರಿ ನೋಡಿದಳು, “ಹಿಡಿಕಿ ಭಾಳ ಚಲೋ ಆಗೈತ್ರಿ” ಎಂದಳು. ಟೊಮೆಟೊ ಮೇಲಿಟ್ಟು ಎಳೆದಳು. ಟೊಮೆಟೊ ಜಜ್ಜಿಹೋಯಿತು, ಹೋಳಾಗಲಿಲ್ಲ. ಹಿಡಿಕೆಗಾಗಿ ಮೂರು ತಾಲೂಕು ಸುತ್ತಿದ ನಾನು ಎಂಟು ತಿಂಗಳಲ್ಲಿ ಒಮ್ಮೆಯೂ ಅಲಗಿಗೆ ಸಾಣೆ ಹಿಡಿಸಿರಲಿಲ್ಲ.

ಸಾಣೆಯವನು ಸೋಮವಾರ ಬರುತ್ತಾನಂತೆ. ಅವನ ಹತ್ತಿರ ಎರಡು ಬಗೆಯ ಕಲ್ಲುಗಳಿವೆಯಂತೆ.