ನೂರು ಮಕ್ಕಳಿಲ್ಲದ ಊರಲ್ಲಿ ಶೇಕಡಾ ಅವರ ಜೊತೆ

ನೋಡುವುದಕ್ಕೆ ಶೇಕಡಾ ಅವರದು ಪುಟ್ಟ ಆಕಾರ: ಎರಡು ಸೊನ್ನೆ, ನಡುವೆ ಓರೆಯಾಗಿ ಒಂದು ಗೀಟು. ಆದರೆ ಮೇ ತಿಂಗಳಲ್ಲಿ ತಮಿಳುನಾಡಿನ ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಬಂದ ದಿನ ತೇನಿ ಜಿಲ್ಲೆಯಲ್ಲಿ ಅವರ ಮುಂದೆ ಕಲೆಕ್ಟರೂ ಸಣ್ಣವರೇ. ರಾಜ್ಯದ ಜಿಲ್ಲೆಗಳ ಸಾಲಿನಲ್ಲಿ ತೇನಿ ಎಷ್ಟನೆಯದು, ಹೋದ ವರ್ಷಕ್ಕಿಂತ ಮೇಲೋ ಕೆಳಗೋ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಮದುರೈಯಿಂದ 1997ರಲ್ಲಿ ಬೇರೆಯಾದ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೆ ಇದ್ದವರು ಸುಮಾರು 12.46 ಲಕ್ಷ ಜನ. ಪಡುವಣಕ್ಕೆ ಏಲಕ್ಕಿಯ ಘಟ್ಟ, ನಡುವೆ ಮುಲ್ಲೈಪೆರಿಯಾರಿನ ನೀರು ಕುಡಿದು ಹಸಿರಾಗಿರುವ ಕಂಬಂ ಕಣಿವೆ, ಇತ್ತ ಮುಗಿಲು ನೋಡುತ್ತ ಕೂರುವ ಆಂಡಿಪಟ್ಟಿ, ವರುಸನಾಡು. ಇಷ್ಟನ್ನೂ ಒಂದೇ ಅಂಕಿಯಲ್ಲಿ ಅಡಗಿಸಿಡುವ ಜಾದೂಗಾರ ಹೇಗೆ ಯೋಚಿಸುತ್ತಾರೆ ಎಂದು ತಿಳಿಯಬೇಕಲ್ಲ. ಫಲಿತಾಂಶದ ಗಲಾಟೆ ಮುಗಿದು, ಕಪಾಟಿನ ಕಡತಗಳ ಮೇಲೆ ಬಿಡುವಾಗಿ ಕೂತಿದ್ದಾಗ ಅವರು ಮಾತಿಗೆ ಸಿಕ್ಕರು.

ಪ್ರಶ್ನೆ: ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂದರ್ಥ. ಕುರಂಗಣಿಯ ಮೇಲಿನ, ಅಗಮಲೈ ಕಡೆಯ ಬೆಟ್ಟದೂರುಗಳಲ್ಲಿ ಇಡೀ ಊರಿನ ಮಕ್ಕಳನ್ನು ಸಾಲು ನಿಲ್ಲಿಸಿದರೂ ನೂರಾಗುವುದು ಕಷ್ಟ. ಅಂಥ ಕಡೆ ನಿಮಗೇನು ಕೆಲಸ?

ಶೇಕಡಾ: ಕರೆದರೆ ಹೋಗದಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಎಂಟು ಮಕ್ಕಳ ತರಗತಿಗೆ ಕರೆದರೆ ಉಳಿದ ತೊಂಬತ್ತೆರಡನ್ನು ನಾನೇ ಜೊತೆಗೆ ಕರೆದೊಯ್ಯುತ್ತೇನೆ. ಅವರಿಗೆ ಬೆಂಚು ಬೇಡ, ಪುಸ್ತಕ ಬೇಡ, ಬೆಳಗಿನ ಉಪ್ಪಿಟ್ಟೂ ಬೇಡ. ಇಷ್ಟು ಅಗ್ಗದ ಮಕ್ಕಳು ಸರ್ಕಾರಕ್ಕೆ ಇನ್ನೆಲ್ಲಿ ಸಿಗಬೇಕು? ಎಂಟರಲ್ಲಿ ಒಬ್ಬಳು ಗಣಿತದಲ್ಲಿ ಬಿದ್ದರೆ 87.5 ಎನ್ನುತ್ತೇನೆ. ಮರುವರ್ಷ ಯಾರೂ ಬೀಳದಿದ್ದರೆ 100. ಹನ್ನೆರಡೂವರೆ ಅಂಕದ ಜಿಗಿತ! ಹೆಡ್‌ಮಾಸ್ಟರಿಗೆ ಶಾಲು ಹೊದಿಸುತ್ತಾರೆ. ಅದರ ಮರುವರ್ಷ ಇಬ್ಬರು ಬಿದ್ದರೆ 75. ಅದೇ ಹೆಡ್‌ಮಾಸ್ಟರಿಂದ ವಿವರಣೆ ಕೇಳುತ್ತಾರೆ. ಮನುಷ್ಯ ಅದೇ, ಪಾಠ ಅದೇ, ಸೀಮೆಸುಣ್ಣವೂ ಅದೇ.

ಈ ಮಾತನ್ನು ನಗೆಯಲ್ಲಿ ತೇಲಿಸಿಬಿಡಬಾರದು, ಲೆಕ್ಕ ಹಾಕಿ ನೋಡಬೇಕು. ಎರಡು ಶಾಲೆಗಳಿವೆ ಎಂದಿಟ್ಟುಕೊಳ್ಳೋಣ. ಒಂದರಲ್ಲಿ ಪರೀಕ್ಷೆಗೆ ಕೂರುವವರು 8, ಇನ್ನೊಂದರಲ್ಲಿ 160. ಎರಡೂ ಕಡೆ ಕಲಿಸುವುದು ಒಂದೇ ಮಟ್ಟ. ಯಾವ ಮಗುವೇ ಆಗಲಿ ಪಾಸಾಗುವ ಸಂಭವ ಹತ್ತಕ್ಕೆ ಒಂಬತ್ತು. ಆಗ ಸಣ್ಣ ಶಾಲೆಗೆ ನೂರಕ್ಕೆ ನೂರು ಬರುವ ಸಂಭವ ಶೇ. 43. ದೊಡ್ಡ ಶಾಲೆಗೆ ಅದು ಎರಡು ಕೋಟಿಯಲ್ಲಿ ಒಂದು. ಸಣ್ಣ ಶಾಲೆಯ ಫಲಿತಾಂಶ 75ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುವ ಸಂಭವ ಹೆಚ್ಚುಕಡಿಮೆ ಐದಕ್ಕೆ ಒಂದು. ದೊಡ್ಡ ಶಾಲೆಗೆ ಆ ಭಯ ಇಲ್ಲವೆಂದೇ ಹೇಳಬೇಕು. ಎಂದರೆ ಸನ್ಮಾನದ ಪಟ್ಟಿಯಲ್ಲೂ ಛೀಮಾರಿಯ ಪಟ್ಟಿಯಲ್ಲೂ ಸಣ್ಣ ಶಾಲೆಗಳೇ ಕಿಕ್ಕಿರಿದಿರುತ್ತವೆ. ಅದಕ್ಕೆ ಕಾರಣ ಅವುಗಳ ಗುಣವಲ್ಲ, ಗಾತ್ರ. ಅಮೆರಿಕದಲ್ಲಿ ಇದಕ್ಕೆ ಭಾರಿ ಬೆಲೆ ತೆತ್ತಿದ್ದಾರೆ. ಒಳ್ಳೆಯ ಫಲಿತಾಂಶದ ಪಟ್ಟಿಯಲ್ಲಿ ಸಣ್ಣ ಶಾಲೆಗಳೇ ಹೆಚ್ಚಾಗಿ ಕಂಡದ್ದರಿಂದ ಗೇಟ್ಸ್ ಪ್ರತಿಷ್ಠಾನದಂಥ ಸಂಸ್ಥೆಗಳು ದೊಡ್ಡ ಶಾಲೆಗಳನ್ನು ಒಡೆದು ಸಣ್ಣದಾಗಿಸಲು ಹಣ ಸುರಿದವು. ಆಮೇಲೆ ಹೋವರ್ಡ್ ವೇನರ್ ಎಂಬ ಸಂಖ್ಯಾಶಾಸ್ತ್ರಜ್ಞ ಪಟ್ಟಿಯ ತಳವನ್ನೂ ತೋರಿಸಿದ; ಅಲ್ಲೂ ಸಣ್ಣ ಶಾಲೆಗಳೇ. ಇದೇ ಜಿಲ್ಲೆಯ ಬೋಡಿಯ ಏಲಕ್ಕಿ ಹರಾಜಿನಲ್ಲಿ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. 8 ಮಿಲಿಮೀಟರಿನ ಕಾಯಿ ಒಂದನ್ನು ಹಿಡಿದು ಇಡೀ ಲಾಟಿಗೆ ಬೆಲೆ ಕಟ್ಟುವವನು ಅಲ್ಲಿ ಎರಡನೆಯ ಹರಾಜಿಗೆ ಬರಲಾರ. ಶಾಲೆಗೆ ಬೆಲೆ ಕಟ್ಟುವವರು ಮಾತ್ರ ವರ್ಷವರ್ಷವೂ ಬರುತ್ತಾರೆ.

ಪ್ರಶ್ನೆ: ಸಣ್ಣ ಶಾಲೆಯ ಮಾತು ಬಿಡಿ. ಇಡೀ ರಾಜ್ಯದ ಲೆಕ್ಕದಲ್ಲಾದರೂ ನಿಮ್ಮನ್ನು ನಂಬಬಹುದೇ?

ಶೇಕಡಾ: ನನ್ನ ಜೀವನದ ಸುವರ್ಣ ವರ್ಷ 2020. ಆ ವರ್ಷ ತಮಿಳುನಾಡಿನ ಹತ್ತನೇ ತರಗತಿಯಲ್ಲಿ ನಾನು ಪೂರ್ತಿ ನೂರು, ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳು ಪಾಸು. ಪರೀಕ್ಷೆ ಒಂದನ್ನು ಬಿಟ್ಟರೆ ಬೇರೇನೂ ಕೊರತೆ ಇರಲಿಲ್ಲ. ಕೊರೊನಾ ಬಂದು ಅದನ್ನು ರದ್ದು ಮಾಡಿದ್ದರು. ನಾನು ಅತಿ ಎತ್ತರಕ್ಕೆ ಬೆಳೆಯುವುದು ಅಳೆಯುವುದು ನಿಂತಾಗ ಎಂಬುದನ್ನು ನೀವು ಬರೆಯದಿದ್ದರೆ ಉಪಕಾರವಾಗುತ್ತದೆ.

ಪ್ರಶ್ನೆ: ಮತ್ತೆ 2023? ಆ ಮಾರ್ಚ್‌ನಲ್ಲಿ ಹನ್ನೆರಡನೇ ತರಗತಿಯ ಮೊದಲ ಭಾಷಾ ಪರೀಕ್ಷೆಗೇ ರಾಜ್ಯದಲ್ಲಿ 50,000ಕ್ಕೂ ಹೆಚ್ಚು ಮಂದಿ ಬರಲಿಲ್ಲ. ಮೇ ತಿಂಗಳಲ್ಲಿ ನೀವು 94.03 ಎಂದಿರಿ. ಬಾರದವರು ಎಲ್ಲಿ ಹೋದರು?

ಶೇಕಡಾ: ಗೀಟಿನ ಕೆಳಗೆ ಯಾರನ್ನು ನಿಲ್ಲಿಸುತ್ತಾರೋ ಅವರಷ್ಟೇ ನನ್ನ ಪ್ರಜೆಗಳು. ಪರೀಕ್ಷೆಗೆ ಕೂತವರಲ್ಲಿ ಪಾಸಾದವರು ಎಷ್ಟು, ಅದು ನನ್ನ ಕೆಲಸ. ಕೂರದವರನ್ನೂ ಕೆಳಗೆ ಸೇರಿಸಿದ್ದರೆ 89ರ ಆಸುಪಾಸಿಗೆ ಇಳಿಯುತ್ತಿದ್ದೆ. ನನಗೇನೂ ಬೇಸರವಿಲ್ಲ, ಆದರೆ ಯಾರೂ ಹಾಗೆ ಸೇರಿಸಿ ಎಂದು ಕೇಳಲೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಅಂಕಿಯನ್ನು ಹೀಗೆ ಗೇಲಿ ಮಾಡುತ್ತ ಹೋದರೆ ಬಡವರ ಮಕ್ಕಳ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವ ಕಿಟಕಿಯನ್ನೇ ಮುಚ್ಚಿದಂತಾಗುವುದಿಲ್ಲವೇ? ಗ್ರಾಮೀಣ ತಮಿಳುನಾಡಿನ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 10.2 ಇದ್ದರು, ಕೊರೊನಾ ಕಳೆದ ಮೇಲೆ 2022ರಲ್ಲಿ 4.8ಕ್ಕೆ ಇಳಿದರು ಎಂದು ಹೇಳಿದ್ದು ‘ಅಸರ್’ ಸಮೀಕ್ಷೆಯ ಒಂದು ಶೇಕಡಾವಾರು. ಹತ್ತನೇ ತರಗತಿಯ ತೊಂಬತ್ತು ಚಿಲ್ಲರೆಯ ಅಮಲಿನಲ್ಲಿದ್ದವರ ಮುಖಕ್ಕೆ ನೀರೆರಚಿದ್ದು ಅದೇ. ಒಪ್ಪಬೇಕಾದ ಮಾತು. ಆದರೆ ಆ ಸಮೀಕ್ಷೆಯವರು ಅಳೆಯುವ ಬಗೆ ನೋಡಿ: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಮನೆ ಬಾಗಿಲಲ್ಲೇ ಮಗುವನ್ನು ಕೂರಿಸಿ ಓದಿಸುತ್ತಾರೆ, ಆದ್ದರಿಂದ ಆ ದಿನ ಶಾಲೆಗೆ ಬಾರದ ಮಗುವೂ ಲೆಕ್ಕದಿಂದ ಜಾರುವುದಿಲ್ಲ. ಅದರಿಂದ ಯಾವ ಮೇಷ್ಟ್ರಿಗೂ ಶಾಲು ಇಲ್ಲ, ಮೆಮೋ ಇಲ್ಲ, ಆದ್ದರಿಂದ ಅಂಕಿಯನ್ನು ಸಾಕಿ ಕೊಬ್ಬಿಸುವ ಗರಜೂ ಯಾರಿಗೂ ಇಲ್ಲ. ಕಿಟಕಿ ಇರಲಿ, ಅದನ್ನು ಒಂದೊಂದು ಶಾಲೆಯ ಕೊರಳಿಗೆ ಕಟ್ಟಿ ಮೆರವಣಿಗೆ ಮಾಡುವುದು ಬೇಡ. ತಮಿಳುನಾಡು ಸರ್ಕಾರಕ್ಕೂ ಇದು ಅರ್ಧ ಅರ್ಥವಾಗಿತ್ತು. 2017ರಲ್ಲಿ ರ‍್ಯಾಂಕ್ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿ ಮಕ್ಕಳನ್ನು ಆ ಓಟದಿಂದ ಬಿಡಿಸಿದರು. ಜಿಲ್ಲೆಗಳ ಓಟ ಮುಂದುವರಿಯಿತು.

ಪ್ರಶ್ನೆ: ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುವ ಒಕ್ಕಲಿಗ, ಕಾಪಿಲಿಯ ಕುಟುಂಬಗಳಿವೆ. ಅಲ್ಲಿಯ ಮಗು ಮನೆಯಲ್ಲಿ ಹಾಲು ಕೇಳುತ್ತದೆ, ಪಾಠದಲ್ಲಿ ಅದು ಪಾಲ್. ಅಂಗಳದ ಹೂ ಪುಸ್ತಕದಲ್ಲಿ ಪೂ. ಮೂರನೇ ತರಗತಿಯಲ್ಲಿ ತಡವರಿಸಿದರೆ ನೀವು ಅದನ್ನು ಏನೆಂದು ಬರೆದುಕೊಳ್ಳುತ್ತೀರಿ?

ಶೇಕಡಾ: ಓದಲು ಬಾರದು ಎಂದು.

ಪ್ರಶ್ನೆ: ಎರಡು ಭಾಷೆಗಳ ನಡುವೆ ನಡೆದಾಡುತ್ತಿದೆ ಎಂದು?

ಶೇಕಡಾ: ಅಷ್ಟು ಉದ್ದ ಬರೆಯಲು ನನ್ನ ಚೌಕದಲ್ಲಿ ಜಾಗ ಎಲ್ಲಿದೆ? ನಸುಕಿನಲ್ಲೇ ಅಪ್ಪ ಅಮ್ಮ ಜೀಪು ಹತ್ತಿ ಘಟ್ಟದಾಚೆಯ ಇಡುಕ್ಕಿಯ ಏಲಕ್ಕಿ ತೋಟಕ್ಕೆ ಹೋಗುತ್ತಾರೆ, ತಮ್ಮನ ತಲೆ ಬಾಚಿ ಶಾಲೆಗೆ ಕರೆತರುವವಳು ನಾಲ್ಕನೇ ತರಗತಿಯ ಅಕ್ಕ ಎಂಬುದಕ್ಕೂ ಇಲ್ಲ.

ಇನ್ನು ಖರ್ಚಿನ ವಿಷಯ. ಅಮೆರಿಕದಲ್ಲಿ ಶಾಲಾ ಜಿಲ್ಲೆ ಎಂದರೆ ತನ್ನದೇ ತೆರಿಗೆ, ತನ್ನದೇ ಬಜೆಟ್, ತನ್ನದೇ ಚುನಾಯಿತ ಮಂಡಳಿ. ಇಷ್ಟು ಕೊಟ್ಟೆವು, ಏನು ಸಿಕ್ಕಿತು ಎಂದು ಊರವರು ಕೇಳಬಹುದು. ಅಲ್ಲೇ ಆ ಪ್ರಶ್ನೆಗೆ ಸರಳ ಉತ್ತರ ಸಿಕ್ಕಿಲ್ಲ; 1966ರ ಕೋಲ್ಮನ್ ವರದಿ ಶಾಲೆಯ ಖರ್ಚಿಗಿಂತ ಮನೆಯ ಸ್ಥಿತಿಗತಿಯೇ ಮಕ್ಕಳ ಅಂಕಗಳಲ್ಲಿ ಹೆಚ್ಚು ಕಾಣುತ್ತದೆ ಎಂದಾಗ ಎದ್ದ ಜಗಳ ಇನ್ನೂ ತಣ್ಣಗಾಗಿಲ್ಲ. ತೇನಿಯ ಕತೆಯೇ ಬೇರೆ. ತೇನಿ ಖರ್ಚು ಮಾಡುವುದಿಲ್ಲ, ತೇನಿಯಲ್ಲಿ ಖರ್ಚಾಗುತ್ತದೆ. ಸಂಬಳ ರಾಜ್ಯದ ಖಜಾನೆಯಿಂದ. ಸಮಗ್ರ ಶಿಕ್ಷಾ ಹಣದಲ್ಲಿ ದೆಹಲಿಯ ಪಾಲು. ಕೇಂದ್ರದ ಪಿಎಂ ಶ್ರೀ ಶಾಲಾ ಯೋಜನೆ ಮತ್ತು ರಾಷ್ಟ್ರೀಯ ಶಿಕ್ಷಣ ನೀತಿಯ ಜಗಳದಲ್ಲಿ 2024–25ರ ಸುಮಾರು 2,152 ಕೋಟಿ ರೂಪಾಯಿಯನ್ನು ಕೇಂದ್ರ ತಡೆಹಿಡಿದಾಗ ವರುಸನಾಡಿನ ಹೆಡ್‌ಮಾಸ್ಟರನ್ನು ಯಾರೂ ಕೇಳಲಿಲ್ಲ. ಜಿಲ್ಲೆಯೊಳಗೂ ಒಂದೇ ಜಮಾಖರ್ಚಿನ ಪುಸ್ತಕ ಇಲ್ಲ: ಪಂಚಾಯತ್ ಯೂನಿಯನ್ ಶಾಲೆಗಳು ಒಂದೆಡೆ, ಬ್ರಿಟಿಷರು ಅಪರಾಧಿ ಬುಡಕಟ್ಟಿನ ಕಾಯಿದೆಯಡಿ ಹಿಡಿದಿಟ್ಟ ಕಳ್ಳರ್ ಸಮುದಾಯಕ್ಕಾಗಿ ಶುರುವಾದ ಕಳ್ಳರ್ ಸೀರಮೈಪ್ಪು ಶಾಲೆಗಳು ಒಂದೆಡೆ, ಆದಿದ್ರಾವಿಡ ಕಲ್ಯಾಣ ಇಲಾಖೆಯವು ಮತ್ತೊಂದೆಡೆ, ಅನುದಾನಿತ ಶಾಲೆಗಳು ಬೇರೆ.

ಪ್ರಶ್ನೆ: ಆದರೂ ನಿಮ್ಮ ತಮ್ಮ, ಅವರೇ ‘ತಲಾ ವೆಚ್ಚ’, ಊರೂರು ತಿರುಗಿ ಸಣ್ಣ ಶಾಲೆ ದುಬಾರಿ ಎಂದು ಸಾರುತ್ತಿದ್ದಾರೆ.

ಶೇಕಡಾ: ಅವನು ನನಗಿಂತ ಚುರುಕು. ಒಂದು ಲೆಕ್ಕ ಹೇಳುತ್ತೇನೆ, ಊಹೆಯದೇ ಅನ್ನಿ. ಬೆಟ್ಟದ ಶಾಲೆಯಲ್ಲಿ ಇಬ್ಬರು ಟೀಚರು, ತಲಾ 60,000 ಸಂಬಳ. ವರ್ಷಕ್ಕೆ 14.4 ಲಕ್ಷ. ಹನ್ನೆರಡು ಮಕ್ಕಳಿದ್ದರೆ ಮಗುವಿಗೆ 1,20,000. ಒಂದು ಮನೆಯವರು ತೋಟದ ಕೆಲಸ ಹಿಡಿದು ಕುಮಳಿ ಕಡೆ ಹೊರಟರು, ಇಬ್ಬರು ಮಕ್ಕಳು ಜೊತೆಗೆ ಹೋದರು. ಈಗ ಮಗುವಿಗೆ 1,44,000. ಸರ್ಕಾರ ಹೆಚ್ಚಿಗೆ ಒಂದು ಪೈಸೆ ಬಿಚ್ಚಿಲ್ಲ, ಆದರೆ ನನ್ನ ತಮ್ಮ ವೆಚ್ಚ ಶೇ. 20 ಏರಿತು ಎಂದು ವರದಿ ಕೊಡುತ್ತಾನೆ. ಅದೇ ಇಬ್ಬರು ಟೀಚರು, ಶಿಕ್ಷಣ ಹಕ್ಕು ಕಾಯಿದೆಯಂತೆ, 60 ಮಕ್ಕಳವರೆಗೂ ಪಾಠ ಮಾಡಬಹುದು. ಆಗ ಮಗುವಿಗೆ 24,000. ಶಾಲೆಯ ಅನುದಾನದಲ್ಲೂ ಹೀಗೇ ಒಂದು ಮೆಟ್ಟಿಲಿದೆ: 30 ಮಕ್ಕಳವರೆಗೆ 10,000 ರೂಪಾಯಿ, 31 ಆದರೆ 25,000. ಆ ಮೂವತ್ತೊಂದನೆಯ ಮಗು ಎಲ್ಲಿದ್ದರೂ ಹುಡುಕಿ ತಂದು ಹಾಜರಿ ಪುಸ್ತಕಕ್ಕೆ ಸೇರಿಸಬೇಕೆಂದು ಯಾರಿಗಾದರೂ ಅನ್ನಿಸಿದರೆ ತಪ್ಪು ನನ್ನದಲ್ಲ.

ಪ್ರಶ್ನೆ: ಹಾಗಾದರೆ ಹತ್ತು ಮಕ್ಕಳ ಶಾಲೆ ಮುಚ್ಚಿ ಕೆಳಗಿನ ಊರಿನ ಶಾಲೆಗೆ ಸೇರಿಸಿಬಿಡಿ ಎನ್ನುವವರಿದ್ದಾರೆ. ಹತ್ತು ಮಕ್ಕಳಿರುವಲ್ಲಿ ಒಬ್ಬ ಟೀಚರು ರಜೆ ಹಾಕಿದರೆ ಐದು ತರಗತಿಗೂ ಇನ್ನೊಬ್ಬರೇ. ಕೆಳಗೆ ತರಗತಿಗೊಬ್ಬರು ಸಿಗಬಹುದು, ಓರಗೆಯ ಗೆಳೆಯರೂ ಸಿಗುತ್ತಾರೆ. ಇದರಲ್ಲೂ ನ್ಯಾಯವಿದೆಯಲ್ಲ?

ಶೇಕಡಾ: ಮುಚ್ಚುವುದು ಸುಲಭ. ದಿಂಡಿಗಲ್ ಪಕ್ಕದಲ್ಲೇ ಇದೆ, ಅಲ್ಲಿಯ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ.

ಬೀಗದ ಮಾತು ಹೇಳಿ ಅವರು ಸುಮ್ಮನಾದರು, ಉತ್ತರ ಹೇಳುವುದು ನಮಗೆ ಉಳಿಯಿತು. ಬಯಲಿನಲ್ಲಿ, ಒಂದು ಕಿಲೋಮೀಟರಿನೊಳಗೆ ಎರಡು ಶಾಲೆಗಳಿದ್ದು ಎರಡೂ ಖಾಲಿಯಾಗುತ್ತಿದ್ದರೆ ಕೂಡಿಸುವುದರಲ್ಲಿ ತಪ್ಪಿಲ್ಲ. ಉತ್ತಮಪಾಳಯದ ಬಸ್ಸು ರಸ್ತೆಯ ಪಕ್ಕದ ಊರಿಗೆ ಆ ವಾದ ಸಲ್ಲುತ್ತದೆ. ಬೆಟ್ಟದಲ್ಲಿ ಅದು ಕಾಲು ಮುರಿದುಕೊಳ್ಳುತ್ತದೆ. ಅಲ್ಲಿ ಶಾಲೆಯ ವೆಚ್ಚವನ್ನು ಮಕ್ಕಳ ತಲೆಗೆ ಭಾಗಿಸುವುದೆಂದರೆ ರಾತ್ರಿಯ ಕೊನೆಯ ಬಸ್ಸಿನ ಡೀಸೆಲ್ಲನ್ನು ಅದರಲ್ಲಿ ಕೂತ ಮೂವರಿಗೆ ಹಂಚಿ, ಇವರು ದುಬಾರಿ ಜನ ಎಂದಂತೆ. ಆ ಬಸ್ಸು ಓಡುವುದು ದಾರಿಯೊಂದು ತೆರೆದಿರಲಿ ಎಂದು. 2022ರಲ್ಲಿ ಶುರುವಾಗಿ ಮರುವರ್ಷ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂದ ಮುಖ್ಯಮಂತ್ರಿ ಉಪಾಹಾರ ಯೋಜನೆಯನ್ನೇ ನೋಡಿ: ಸೋಮವಾರದ ಉಪ್ಪಿಟ್ಟು ಸಾಂಬಾರು ತಲಾ ವೆಚ್ಚವನ್ನು ಖಂಡಿತ ಏರಿಸುತ್ತದೆ, ಹತ್ತನೇ ತರಗತಿಯ ಫಲಿತಾಂಶವನ್ನು ಈ ವರ್ಷವಂತೂ ಏರಿಸುವುದಿಲ್ಲ. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಭಾಗಾಕಾರ ಮಾಡುವವನಿಗೆ ಅದು ಶುದ್ಧ ನಷ್ಟ.

ಪ್ರಶ್ನೆ: ಫಲಿತಾಂಶ ನೋಡಿ ದುಡ್ಡು ಕೊಡೋಣ, ಆಗ ಎಲ್ಲರೂ ಎಚ್ಚರಾಗುತ್ತಾರೆ ಎಂಬ ಸಲಹೆ ಆಗಾಗ ಹೊಸದೆಂಬಂತೆ ಬರುತ್ತದೆ.

ಶೇಕಡಾ: ಹೊಸದೇ? ಅದು ನನ್ನ ಅಜ್ಜನ ಕಾಲದ್ದು. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬುವನು ತಂದ. ಈ ಸೀಮೆ ಮದರಾಸು ಪ್ರೆಸಿಡೆನ್ಸಿಯಲ್ಲಿದ್ದಾಗ ಇಲ್ಲೂ ‘ಫಲಿತಾಂಶದ ಗ್ರಾಂಟು’ ಇತ್ತು. ಇನ್ಸ್‌ಪೆಕ್ಟರು ಬಂದು ಮಕ್ಕಳನ್ನು ಓದಿಸಬೇಕು, ಓದಿದವರ ಲೆಕ್ಕಕ್ಕೆ ಶಾಲೆಗೆ ಕಾಸು. ಮೇಷ್ಟ್ರುಗಳು ದಡ್ಡರೇ? ಇಂಗ್ಲೆಂಡಿನಲ್ಲಿ ಇಡೀ ಪುಸ್ತಕವನ್ನೇ ಬಾಯಿಪಾಠ ಮಾಡಿಸಿಟ್ಟರು. ಆಗ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ವರದಿ ವರದಿಯಲ್ಲೂ ಗೊಣಗಿದ. ನಾನು ಆಗಲೂ ಚೆನ್ನಾಗಿ ಮೈ ತುಂಬಿಕೊಂಡಿದ್ದೆ.

ಪ್ರಶ್ನೆ: ಕೊನೆಗೆ ಒಂದು ಕೋರಿಕೆ. ಐವತ್ತಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ನೀವು ರಜೆ ಹಾಕಿ. ಎಂಟರಲ್ಲಿ ಏಳು ಎಂದು ಬರೆಯಲಿ. ಓದುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಒಂದು ವರ್ಷದ್ದನ್ನು ಬಿಟ್ಟು ಐದು ವರ್ಷದ್ದನ್ನು ಕೂಡಿಸಿ ನೋಡಲಿ. ಒಂದನೇ ತರಗತಿಗೆ ಬಂದಾಗ ಏನು ಬರುತ್ತಿತ್ತು, ಐದು ಮುಗಿಸಿದಾಗ ಏನು ಬಂತು ಎಂದು ಅದೇ ಮಗುವಿನ ಬೆನ್ನು ಹಿಡಿದು ಹೋಗಲಿ. ಮಕ್ಕಳ ವಿವರವೆಲ್ಲ ಕಂಪ್ಯೂಟರಿನಲ್ಲಿ ಕೂತಿರುವಾಗ ಇದೇನು ಆಗದ ಕೆಲಸವೇ?

ಶೇಕಡಾ: ಆಗದ್ದೇನಲ್ಲ. ಆದರೆ ಎಂಟರಲ್ಲಿ ಏಳು ಎಂದರೆ ಆ ಎಂಟನೆಯವಳು ಯಾರು ಎಂದು ಕೇಳುತ್ತಾರೆ. 87.5 ಎಂದರೆ ಯಾರೂ ಕೇಳುವುದಿಲ್ಲ. ಆ ಅನುಕೂಲವನ್ನು ಕಚೇರಿಗಳು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾರವು.

ಪ್ರಶ್ನೆ: ನೀವು ಹೇಳಿದ ಆ ಗಣಿತದ ಹುಡುಗಿಯೇ ಬೇಸಿಗೆಯ ನಂತರ ಪೂರಕ ಪರೀಕ್ಷೆ ಬರೆದು ಪಾಸಾದಳು ಎಂದಿಟ್ಟುಕೊಳ್ಳಿ. ಶಾಲೆಯ 87.5 ಆಗ 100 ಆಗುತ್ತದೆಯೇ?

ಶೇಕಡಾ: ಮೇ ತಿಂಗಳ ಪಟ್ಟಿ ಮೇ ತಿಂಗಳದ್ದು. ಶಾಲೆಯ ಮುಂದಿನ ಫಲಿತಾಂಶದ ಬೋರ್ಡಿಗೆ ಬಣ್ಣ ಬಳಿದು ಆಗಿದೆ, ಪೇಂಟರಿಗೆ ಕೊಟ್ಟದ್ದನ್ನು ಖರ್ಚಿಗೂ ಬರೆದಿದ್ದಾರೆ.